ಯಂಕಮ್ಮನ ಮನೆಯ ನಳ

ಮಂತ್ರಿಗಳು ಬೆಂಗಳೂರು ಬಿಟ್ಟು ಹೊರಗೆ ಕಾಲಿಡದೆ ಒಂದೂವರೆ ವರ್ಷವಾಗಿತ್ತು. ಆ ಒಂದೂವರೆ ವರ್ಷದಲ್ಲಿ ಅವರು ನಲವತ್ತೊಂದು ಹಳ್ಳಿಗಳಲ್ಲಿ ವಾಸ್ತವ್ಯ ಹೂಡಿದ್ದರು.

ಈ ಎರಡೂ ಮಾತು ನಿಜವೆಂದು ತಾರಾಮಣಿಯಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ನೆಲಮಂಗಲದ ರಸ್ತೆಯಲ್ಲಿ, ಒಂದು ಕಾಲಕ್ಕೆ ಬಿಸ್ಕತ್ತು ಗೋದಾಮಾಗಿದ್ದ ಸ್ಟುಡಿಯೋದಲ್ಲಿ ಆ ನಲವತ್ತೊಂದು ಹಳ್ಳಿಗಳನ್ನೂ ಒಂದೊಂದಾಗಿ ಗೋಡೆಯ ಮೇಲೆ ಎಬ್ಬಿಸಿ ನಿಲ್ಲಿಸಿದವಳು ಅವಳೇ.

ಗೋಡೆಯೆಂದರೆ ಇಟ್ಟಿಗೆಯದಲ್ಲ. ಇಪ್ಪತ್ತು ಅಡಿ ಎತ್ತರ, ಎಂಬತ್ತು ಅಡಿ ಉದ್ದ, ಕುದುರೆ ಲಾಳದಂತೆ ಬಾಗಿದ ಎಲ್‌ಇಡಿ ಪರದೆ. ಸಾಸಿವೆ ಕಾಳಿನಷ್ಟು ಚಿಕ್ಕ ದೀಪಗಳು, ಕೋಟಿಗಟ್ಟಲೆ. ಅದರ ಮುಂದೆ ನಿಂತ ಕ್ಯಾಮೆರಾದ ತಲೆಯ ಮೇಲೆ ಇನ್ನೊಂದು ಪುಟ್ಟ ಕಣ್ಣು. ಕ್ಯಾಮೆರಾ ಎಲ್ಲಿದೆ, ಎತ್ತ ತಿರುಗಿದೆ ಎಂದು ಅದು ಕ್ಷಣಕ್ಷಣಕ್ಕೂ ಕಂಪ್ಯೂಟರಿಗೆ ಹೇಳುತ್ತಿರುತ್ತದೆ. ಕ್ಯಾಮೆರಾ ಒಂದು ಗೇಣು ಎಡಕ್ಕೆ ಸರಿದರೆ ಪರದೆಯೊಳಗಿನ ಹತ್ತಿರದ ಕಂಬ ಜಾಸ್ತಿ ಸರಿಯುತ್ತದೆ, ದೂರದ ಗುಡ್ಡ ಕೊಂಚವೇ ಸರಿಯುತ್ತದೆ. ನಿಜವಾದ ಊರಲ್ಲಿ ನಡೆದಾಡುವವನ ಕಣ್ಣಿಗೆ ಆಗುವುದೂ ಅಷ್ಟೇ ತಾನೆ. ಹಾಗಾಗಿ ನೋಡುವವರಿಗೆ ಅನುಮಾನವೇ ಬರುವುದಿಲ್ಲ.

ಮೊದಲು ಇದು ಸಿನಿಮಾದವರ ಆಟವಾಗಿತ್ತು. ಬೆಳಿಗ್ಗೆ ಹಿಮದ ಮೇಲೆ ಕುಣಿದ ನಾಯಕ ಮಧ್ಯಾಹ್ನ ಮನೆಗೆ ಹೋಗಿ ಮುದ್ದೆ ಉಂಡು ಬರುತ್ತಿದ್ದ. ಆಮೇಲೆ ಧಾರಾವಾಹಿಯವರು ಬಂದರು, ಕೊನೆಗೆ ಸರ್ಕಾರ ಬಂತು. ಸರ್ಕಾರ ಬಂದಮೇಲೆ ಆಟವೇ ಕಾನೂನಾಯಿತು. ಡ್ರೋನು ಮತ್ತು ಲೇಸರಿನಿಂದ ಅಳೆದ ಮನೆಯ ಕಂಪ್ಯೂಟರ್ ಪ್ರತಿರೂಪಕ್ಕೆ ಇಲಾಖೆಯ ಮುದ್ರೆ ಬಿದ್ದರೆ, ಅಧಿಕಾರಿ ಖುದ್ದು ಹೋಗಿ ನೋಡಿಬಂದದ್ದಕ್ಕೆ ಅದು ಸಮ ಎಂದು ನಿಯಮ ಮಾಡಿದರು. ಧೂಳು ಕುಡಿಯಬೇಕಿಲ್ಲ, ಜನರ ಮುಖ ನೋಡಬೇಕಿಲ್ಲ. ಅಧಿಕಾರಿಗಳು ಇದನ್ನು ಕ್ರಾಂತಿ ಎಂದು ಕರೆದರು. ಮಂತ್ರಿಗಳ ವಾಸ್ತವ್ಯಕ್ಕೆಂದು ಗೋಡೆಯ ಮೇಲೆ ತೋರಿಸಿದ ಮನೆಯ ಪ್ರತಿರೂಪಕ್ಕಂತೂ ಕಾರ್ಯಕ್ರಮ ಪ್ರಸಾರವಾದ ಕೂಡಲೇ ಮುದ್ರೆ ತಾನಾಗಿ ಬೀಳುತ್ತಿತ್ತು. ಮಂತ್ರಿಗಳೇ ಕಣ್ಣಾರೆ ನೋಡಿದ ಮೇಲೆ ಇನ್ಯಾರು ನೋಡಬೇಕು?

ತಾರಾಮಣಿಗೆ ಈ ನಿಯಮ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವಂತೆ ಗೊತ್ತಿತ್ತು, ಓದಿರಲಿಲ್ಲ. ಅವಳಿಗೆ ನಲವತ್ತಾರು. ಅವಳ ಅಪ್ಪ ಸಿನಿಮಾ ಸೆಟ್ಟುಗಳಿಗೆ ಬಟ್ಟೆಯ ಮೇಲೆ ಆಕಾಶ ಬರೆಯುತ್ತಿದ್ದವನು. ಅಪ್ಪನ ಆಕಾಶ ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು, ಅದರಲ್ಲೊಂದು ಮರ್ಯಾದೆಯಿತ್ತು ಎಂದು ಅವಳು ಆಗಾಗ ಹೇಳುತ್ತಿದ್ದಳು. ಈ ಗೋಡೆಯನ್ನು ನಡೆಸುವ ಎಲ್ಲರನ್ನೂ ಅವಳು ಮನಸಾರೆ ಕೀಳಾಗಿ ಕಾಣುತ್ತಿದ್ದಳು. ಮಂತ್ರಿಗಳನ್ನು, ಅವರ ಜುಬ್ಬಾಕ್ಕೆ ಇಸ್ತ್ರಿ ಮಾಡಿ ಆಮೇಲೆ ಹಳ್ಳಿಗೆ ಹೊಂದಲೆಂದು ಸ್ವಲ್ಪ ಮುದುರಿಸುವವನನ್ನು, 'ನಿಮ್ಮ ಮನೆಯಲ್ಲಿ ನಾವು' ಎಂಬ ಆ ಕಾರ್ಯಕ್ರಮದ ನಿರ್ದೇಶಕ ಅಭಿನಂದನನನ್ನು, ಅದನ್ನು ನೋಡಿ ಕಣ್ಣೊರೆಸಿಕೊಳ್ಳುವ ಜನರನ್ನು. ಕಂಟ್ರೋಲ್ ರೂಮಿನ ಗಾಜಿನ ಹಿಂದೆ ಕೂತು ತುಟಿ ಓರೆ ಮಾಡಿಕೊಂಡು ಇವರನ್ನೆಲ್ಲ ನೋಡುವುದು ಅವಳ ದಿನದ ಕೆಲಸದಲ್ಲಿ ಅರ್ಧ. ಉಳಿದರ್ಧ, ಅವರು ಹೇಳಿದ್ದನ್ನೆಲ್ಲ ಚೊಕ್ಕವಾಗಿ ಮಾಡಿಕೊಡುವುದು.

ನಲವತ್ತೆರಡನೆಯದು ಯಾದಗಿರಿ ಕಡೆಯ ಬಿಳಿಗುಂಡಿ. ಯಂಕಮ್ಮ ಎಂಬುವಳ ಮನೆ. ಯಂಕಮ್ಮ ಅಲ್ಲಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು, ಅವಳ ಗಂಡ ತಿಪ್ಪಣ್ಣ ಗೋಡೆ ಕಟ್ಟುವ ಗೌಂಡಿ. ಡ್ರೋನು ಬಂದು ಅವರ ಮನೆಯನ್ನು ಒಳಗೂ ಹೊರಗೂ ಅಳೆದುಕೊಂಡು ಹೋದ ಹದಿನೈದು ದಿನಕ್ಕೆ ಗಂಡಹೆಂಡತಿ ಇಬ್ಬರನ್ನೂ ಬಸ್ಸಿನಲ್ಲಿ ಬೆಂಗಳೂರಿಗೆ ಕರೆತಂದರು. ತಮ್ಮ ಮನೆಗೆ ಬಂದ ಮಂತ್ರಿಗಳನ್ನು ಬರಮಾಡಿಕೊಳ್ಳಲು ಅವರು ತಮ್ಮ ಮನೆಯಿಂದ ಐನೂರು ಕಿಲೋಮೀಟರು ದೂರ ಬರಬೇಕಾಗಿತ್ತು.

ಬೆಳಿಗ್ಗೆ ಹನ್ನೊಂದಕ್ಕೆ ತಾರಾಮಣಿ ಗೋಡೆ ಹೊತ್ತಿಸಿದಳು. ಪರದೆಯ ಮುಂದೆ ಹತ್ತಡಿ ಅಗಲಕ್ಕೆ ನಿಜವಾದ ಮಣ್ಣು ಹಾಸಿ ಸಗಣಿ ಸಾರಿಸಿದ್ದರು, ಒಂದು ಹೊರಸು ಹಾಕಿದ್ದರು. ಅಲ್ಲಿಂದಾಚೆ ಯಂಕಮ್ಮನ ಹಿತ್ತಲು, ಅಡುಗೆಮನೆಯ ಹಿಂಗೋಡೆ, ಗೋಡೆಯ ಮೇಲಿನ ತಗಡು, ತಗಡಿನ ಮೇಲಿಟ್ಟ ಕಲ್ಲುಗಳು, ಅದರಾಚೆ ಬೋಳು ಗುಡ್ಡ. ಎಲ್ಲವೂ ಇದ್ದಷ್ಟೇ ಗಾತ್ರಕ್ಕೆ. ಬಾಗಿಲಲ್ಲಿ ಕಾಣಿಸಿಕೊಂಡ ಯಂಕಮ್ಮ ಗಕ್ಕನೆ ನಿಂತಳು. ಬಗ್ಗಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಮಣ್ಣಿನ ಮೇಲೆ ಕಾಲಿಟ್ಟಳು.

"ಚಿತ್ರಕ್ಕೆ ಚಪ್ಪಲಿ ಬಿಟ್ಟಳು ನೋಡು," ಎಂದಳು ತಾರಾಮಣಿ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ.

ಮಂತ್ರಿಗಳು ಬಂದು ಹೊರಸಿನ ಮೇಲೆ ಕೂತರು. ಅಭಿನಂದನ ತನ್ನ ಮಾನಿಟರು ನೋಡಿ ಹೌಹಾರಿದ. ಮಂತ್ರಿಗಳ ಎಡಗೆನ್ನೆ ಹಸಿರಾಗಿತ್ತು. ಗೋಡೆ ಬರೀ ಚಿತ್ರವಲ್ಲ, ದೀಪವೂ ಹೌದು. ಅದರ ಮೇಲಿನ ಬಣ್ಣ ಮುಂದಿರುವವರ ಮೈಮೇಲೆ ಬೀಳುತ್ತದೆ. ಯಂಕಮ್ಮನ ಹಿತ್ತಿಲ ಗೋಡೆಗೆ ಒರಗಿಸಿ ಗಿಣಿಹಸಿರಿನ ಹದಿನಾಲ್ಕು ಪ್ಲಾಸ್ಟಿಕ್ ಕೊಡಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಅವುಗಳ ಬಣ್ಣ ಅದು.

"ಮೇಡಂ, ಆ ಕೊಡಗಳನ್ನ ತೆಗೀರಿ," ಎಂದು ಅಭಿನಂದನ ಮೈಕಿನಲ್ಲಿ ಹೇಳಿದ.

"ಅವು ಅವರ ಮನೇಲಿ ಇರೋವೇ."

"ಇರಬಹುದು. ಸಾರ್ ಮುಖ ಪಾಚಿ ಕಟ್ಟಿದ ಹಾಗೆ ಕಾಣ್ತಿದೆ. ತೆಗೀರಿ."

ತಾರಾಮಣಿ ಹದಿನಾಲ್ಕೂ ಕೊಡಗಳನ್ನು ಒರೆಸಿಹಾಕಿದಳು. ನಲವತ್ತು ಸೆಕೆಂಡು ಹಿಡಿಯಿತು. ಮಂತ್ರಿಗಳ ಕೆನ್ನೆ ಮನುಷ್ಯರ ಬಣ್ಣಕ್ಕೆ ಬಂತು.

"ಈಗ ಗೋಡೆ ಖಾಲಿ ಹೊಡೀತಿದೆ. ಏನಾದ್ರೂ ಇಡಿ ಮೇಡಂ, ಸ್ವಲ್ಪ ಜೀವ ಬರಲಿ."

ಜೀವ ಬೇಕಂತೆ. ತಾರಾಮಣಿಗೆ ಉರಿದುಹೋಯಿತು. ತನ್ನ ಬಳಿಯಿದ್ದ ಸಾಮಾನುಗಳ ಭಂಡಾರ ತೆರೆದು ಒಂದು ಹಿತ್ತಾಳೆಯ ನಲ್ಲಿ ಹುಡುಕಿ, ಕೊಡಗಳಿದ್ದ ಜಾಗದಲ್ಲೇ ಗೋಡೆಗೆ ಅಂಟಿಸಿದಳು. ಸಾಲದೆಂದು ಅದರಿಂದ ಸಣ್ಣಗೆ ನೀರೂ ಬಿಟ್ಟಳು. ತಗೋ ನಿನ್ನ ಜೀವ, ಎಂದು ಮನಸ್ಸಿನಲ್ಲೇ ಹಂಗಿಸಿದಳು. ಇಷ್ಟು ಎದ್ದುಕಾಣುವ ಕುಚೋದ್ಯವನ್ನು ಅವನು ಗುರುತಿಸಿ ಬೈಯುತ್ತಾನೆ ಎಂದುಕೊಂಡಿದ್ದಳು.

"ಸೂಪರ್!" ಎಂದ ಅಭಿನಂದನ. "ಇದೇ ನೋಡಿ ನಾನು ಹೇಳ್ತಿದ್ದಿದ್ದು."

ಯಂಕಮ್ಮ ಮಾತ್ರ ನಲ್ಲಿಯನ್ನೇ ನೋಡುತ್ತಿದ್ದಳು. "ಇದ್ಯಾವ್ದು ನಳಾರಿ? ನಮ್ಮನ್ಯಾಗ ನಳ ಇಲ್ರಿ," ಎಂದಳು.

"ಅದು ಸುಮ್ನೆ ಅಂದಕ್ಕೆ ಅಮ್ಮಾ. ನೀವು ರೊಟ್ಟಿ ಬಡಿಸಿ."

ಹೋಟೆಲಿನಿಂದ ತರಿಸಿದ ಜೋಳದ ರೊಟ್ಟಿಯನ್ನು ಯಂಕಮ್ಮ ಮಂತ್ರಿಗಳ ತಟ್ಟೆಗೆ ಬಡಿಸಿದಳು. ಮಂತ್ರಿಗಳು ಒಂದು ತುತ್ತು ಬಾಯಿಗಿಟ್ಟು, ಕಣ್ಣುಮುಚ್ಚಿ, "ತಾಯಿಯ ಕೈರುಚಿ," ಎಂದರು. ನಲವತ್ತೊಂದು ಹಳ್ಳಿಗಳಲ್ಲೂ ಅವರು ಆಡಿದ್ದು ಅದೇ ಮಾತು. ಯಂಕಮ್ಮ ಸೆರಗು ಸರಿಪಡಿಸಿಕೊಂಡು, ಬಸ್ಸಿನ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಶುರು ಮಾಡಿದಳು. "ಸಾಹೇಬ್ರ, ನೀರು..."

"ಬೇಡ ತಾಯಿ, ಸಾಕು," ಎಂದರು ಮಂತ್ರಿಗಳು, ಕೈಯನ್ನು ತಟ್ಟೆಗೆ ಅಡ್ಡ ಹಿಡಿದು.

ಅಭಿನಂದನ ಕಟ್ ಹೇಳಿದ. ಇದಕ್ಕಿಂತ ಚೆನ್ನಾಗಿ ಬರಲು ಸಾಧ್ಯವಿಲ್ಲ ಎಂದ.

ಶೂಟಿಂಗ್ ಮುಗಿದ ಮೇಲೆ ತಾರಾಮಣಿ ಟೀ ಕುಡಿಯಲು ಹೊರಗೆ ಬಂದಾಗ ಯಂಕಮ್ಮ ಫಿಲ್ಟರಿನ ಮುಂದೆ ನಿಂತು ನೀರು ಕುಡಿಯುತ್ತಿದ್ದಳು. ನಾಲ್ಕನೆಯ ಲೋಟವಿರಬೇಕು. "ಛಲೋ ಅವ ಅಕ್ಕಾರ ನೀರು, ಸಿಹಿ ಅವ," ಎಂದಳು. ಆಮೇಲೆ, "ಆ ನಳ ಯಾರು ಇಟ್ರಿ?" ಎಂದು ಕೇಳಿದಳು.

"ನಾನೇ."

"ಛಂದ ಅದರಿ. ಖರೇನೂ ಇಡ್ತಾರೇನು?"

"ಇಡ್ತಾರೆ, ಇಡ್ತಾರೆ," ಎಂದಳು ತಾರಾಮಣಿ. ಯಂಕಮ್ಮ ಫೋನ್ ನಂಬರು ಕೇಳಿದಳು. ಇಲ್ಲವೆನ್ನುವುದಕ್ಕಿಂತ ಕೊಡುವುದೇ ಸುಲಭವಾಗಿತ್ತು, ಕೊಟ್ಟಳು.

ಮುಂದಿನ ಭಾನುವಾರ ಸಂಜೆ ಕಾರ್ಯಕ್ರಮ ಪ್ರಸಾರವಾಯಿತು. ತಾರಾಮಣಿಯ ಗಂಡ ಮೆಟ್ರೋ ಡಿಪೋದಲ್ಲಿ ಪಾಳಿಯ ಕೆಲಸದವನು, ಮನೆಯಲ್ಲಿರಲಿಲ್ಲ. ಮಾವ ಪುಟ್ಟಸ್ವಾಮಯ್ಯ ಟೀವಿ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಮೂವತ್ತೆರಡು ವರ್ಷ ಊರಿಗೆ ನೀರು ಬಿಡುವ ವಾಲ್ವ್‌ಮನ್ ಆಗಿದ್ದವರು. ಈ ಕಾರ್ಯಕ್ರಮ ಎಂದರೆ ಅವರಿಗೆ ಜೀವ. ಮಂತ್ರಿಗಳು ರೊಟ್ಟಿ ಮುರಿದಾಗಲೆಲ್ಲ ಅವರ ಕಣ್ಣು ತುಂಬುತ್ತಿತ್ತು. ಸೊಸೆಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ಬಾಯಿಬಿಡುವುದಿಲ್ಲ ಎಂದು ಸ್ಟುಡಿಯೋಗೆ ಬರೆದುಕೊಟ್ಟಿದ್ದಳು, ಹಾಗಾಗಿ ಎಂದೂ ಏನೂ ಹೇಳಿರಲಿಲ್ಲ. ಹೇಳಿದರೂ ಈ ಮುದುಕರಿಗೆ ಎಲ್ಲಿ ತಿಳಿಯುತ್ತೆ ಎಂಬುದು ಅವಳ ಲೆಕ್ಕ.

ಆವತ್ತು ಪುಟ್ಟಸ್ವಾಮಯ್ಯನವರ ಕಣ್ಣು ತುಂಬಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ತಾರಾ, ಆ ನಲ್ಲಿಗೆ ಪೈಪೇ ಇಲ್ವಲ್ಲಮ್ಮ."

"ಗೋಡೆ ಒಳಗಿಂದ ಬಂದಿರುತ್ತೆ ಮಾವ."

"ಅದು ಮಣ್ಣಿನ ಗೋಡೆ. ಮಣ್ಣಿನ ಗೋಡೆಯೊಳಗೆ ಯಾರಮ್ಮ ಪೈಪ್ ಹಾಕ್ತಾರೆ? ಅಷ್ಟು ಹೊತ್ತಿಂದ ನೀರು ಸುರೀತಿದೆ, ನೆಲ ಒಂಚೂರೂ ಒದ್ದೆಯಾಗಿಲ್ಲ." ಅವರು ಸೊಸೆಯತ್ತ ತಿರುಗಿದರು. "ನೀನು ಕೆಲಸ ಮಾಡೋದು ಇಂಥದೇ ಕಡೆ ಅಲ್ವಾ?"

ಅವಳು ಕುಕ್ಕರ್ ನೋಡಬೇಕೆಂದು ಎದ್ದುಹೋದಳು. ಹಿಂದಿನಿಂದ ಟೀವಿ ಆರಿಸಿದ ಸದ್ದು ಕೇಳಿಸಿತು. ಆಮೇಲೆ ಯಾವ ಭಾನುವಾರವೂ ಅವರು ಆ ಕಾರ್ಯಕ್ರಮ ನೋಡಲಿಲ್ಲ, ಅದರ ಬಗ್ಗೆ ಕೇಳಲೂ ಇಲ್ಲ.

ಮೂರು ತಿಂಗಳಾದ ಮೇಲೆ, ಮಂತ್ರಿಗಳು ಐವತ್ತನೆಯ ಹಳ್ಳಿಯಲ್ಲಿ ಸೊಪ್ಪಿನ ಸಾರು ಹೊಗಳುತ್ತಿದ್ದಾಗ, ತಾರಾಮಣಿಯ ಫೋನು ನಡುಗಿತು. ಯಂಕಮ್ಮ.

"ಅಕ್ಕಾರ, ನೀವು ನಳ ಇಟ್ಟೀರಲ್ರೀ, ಅದನ್ನ ತಗೀಬೇಕಾಗ್ಯದರಿ."

ತಾರಾಮಣಿಗೆ ಮೊದಲು ಏನೂ ತಿಳಿಯಲಿಲ್ಲ. ಯಂಕಮ್ಮ ನಿಧಾನವಾಗಿ ಬಿಡಿಸಿ ಹೇಳಿದಳು. ಊರಿಗೆ ಕೊಳವೆ ಹಾಕುವವರು ಬಂದಿದ್ದರು. ಎಷ್ಟೋ ವರ್ಷದಿಂದ ಕಾದಿದ್ದ ಕೊಳವೆ. ಮೂರು ಓಣಿಗಳಲ್ಲಿ ತೋಡಿದರು, ಯಂಕಮ್ಮನ ಓಣಿಯ ಬಾಯಿಗೆ ಬಂದು ನಿಂತರು. ಕಿರಿಯ ಎಂಜಿನಿಯರು ಕೈಯಲ್ಲಿದ್ದ ಟ್ಯಾಬ್ ತೋರಿಸಿ, ಈ ಓಣಿಗೆ ಆಗಲೇ ನೀರು ಬಂದಿದೆ, ಇಗೋ ನಿಮ್ಮ ಗೋಡೆಯ ಮೇಲೆ ನಲ್ಲಿ, ಮಂತ್ರಿಗಳೇ ಬಂದು ನೋಡಿದ್ದಾರೆ ಎಂದ. ಸಾಮಾನು ಕಟ್ಟಿಕೊಂಡು ಹೊರಟುಹೋದರು.

"ಬರೇ ನಿಮ್ಮ ಮನೆಯದು ತಾನೆ?" ಎಂದಳು ತಾರಾಮಣಿ.

"ಓಣೀದು ಪೂರಾರಿ. ಅರವತ್ಮೂರು ಮನಿ."

ಅದೂ ಅರ್ಥವಾಯಿತು. ಇಲಾಖೆಯ ಕಂಪ್ಯೂಟರು ಪ್ರತಿರೂಪವನ್ನು ಓದುತ್ತದೆ. ಓಣಿಯ ತುದಿಯಲ್ಲಿರುವ ಯಂಕಮ್ಮನ ಮನೆಯಲ್ಲಿ ನೀರು ಸುರಿಯುತ್ತಿದೆ ಎಂದರೆ ಓಣಿಯುದ್ದಕ್ಕೂ ಕೊಳವೆ ಹಾದುಬಂದಿರಬೇಕು ಎಂದು ಅದು ತರ್ಕಿಸಿತು. ಕೊಳವೆ ಹಾದಿದ್ದರೆ ಉಳಿದ ಅರವತ್ತೆರಡು ಮನೆಗೂ ಸಂಪರ್ಕವಿರಬೇಕು. ಮನುಷ್ಯರಿಗಿಂತ ಹೆಚ್ಚು ಬುದ್ಧಿವಂತಿಕೆಯ ತರ್ಕ. ಒಬ್ಬ ಪೆದ್ದ ಗುಮಾಸ್ತನಾದರೂ ಓಣಿಗೆ ಬಂದಿದ್ದರೆ ಕೊಡ ಹೊತ್ತ ಹೆಂಗಸರನ್ನು ಕಂಡು ಬಾಯಿ ಮುಚ್ಚಿಕೊಳ್ಳುತ್ತಿದ್ದ.

"ನಾನು ನೋಡ್ತೀನಿ," ಎಂದಳು ತಾರಾಮಣಿ. ಈ ಸಲ ಅದನ್ನು ಸುಲಭಕ್ಕೆ ಹೇಳಲಿಲ್ಲ.

ಊಟದ ಬಿಡುವಿನಲ್ಲಿ ಅಭಿನಂದನನ ಬಳಿಗೆ ಹೋದಳು. ಅವನು ಕಿವಿಗೊಟ್ಟು ಕೇಳಿ, "ಅಯ್ಯೋ ಪಾಪ," ಎಂದ. ಇನ್ನೊಂದು ಚಪಾತಿ ಹಾಕಿಸಿಕೊಂಡು, "ಆದರೆ ಮೇಡಂ, ಮುದ್ರೆ ಬಿದ್ದಮೇಲೆ ಫೈಲು ನಮ್ಮದಲ್ಲ. ನಲ್ಲಿ ಇಟ್ಟಿದ್ದು ನೀವು, ನಾನು ಬರೀ ಏನಾದ್ರೂ ಇಡಿ ಅಂದೆ," ಎಂದ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಅವಳಿಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು.

ರಜೆ ಹಾಕಿ ಇಲಾಖೆಗೆ ಹೋದಳು. ಅಲ್ಲಿನ ಅಧಿಕಾರಿಣಿ ಮೃದುವಾಗಿ ಮಾತಾಡುವವರು, ನೀರು ಬೇಕೇ ಎಂದು ವಿಚಾರಿಸಿ ಬಾಟಲಿ ಮುಂದಿಟ್ಟರು.

"ದಾಖಲೆ ತಪ್ಪು ಅಂತೀರಿ. ತಪ್ಪು ಅಂತ ಸಾಬೀತಾಗಬೇಕಾದರೆ ಸ್ಥಳ ಪರಿಶೀಲನೆ ಆಗಬೇಕು."

"ಹಾಗಾದರೆ ಯಾರನ್ನಾದರೂ ಕಳಿಸಿ ಮೇಡಂ."

"ಕಳಿಸೋ ಪದ್ಧತಿ ಇಲ್ಲ ಈಗ. ಪರಿಶೀಲನೆ ಅಂದರೆ ಪ್ರತಿರೂಪ ನೋಡೋದು. ನೋಡೋಣ ಬನ್ನಿ." ಅವರು ಪರದೆ ತಿರುಗಿಸಿದರು. ಯಂಕಮ್ಮನ ಹಿತ್ತಲು. ತಾರಾಮಣಿ ಬಿಟ್ಟ ನೀರು ಮೂರು ತಿಂಗಳಿಂದ ಸುರಿಯುತ್ತಲೇ ಇತ್ತು. "ನಲ್ಲಿ ಇದೆಯಲ್ಲ," ಎಂದರು ಅಧಿಕಾರಿಣಿ.

"ಅದನ್ನು ಇಟ್ಟವಳು ನಾನೇ!"

"ಹಾಗಂತ ಬರೆದುಕೊಡಿ."

ಬರೆದುಕೊಟ್ಟಳು. ಇಪ್ಪತ್ತು ದಿನಕ್ಕೆ ಎರಡು ಉತ್ತರ ಬಂದವು. ಇಲಾಖೆಯದು, ಅರ್ಜಿದಾರರು ಅಧಿಕೃತ ಪರಿಶೀಲಕರಲ್ಲವಾದ್ದರಿಂದ ಅವರ ಹೇಳಿಕೆಯನ್ನು ಪರಿಗಣಿಸಲಾಗದು ಎಂದಿತ್ತು. ಸ್ಟುಡಿಯೋದ್ದು, ಒಳಗಿನ ವಿಷಯ ಹೊರಗೆ ಹೇಳಿದ ಕಾರಣಕ್ಕೆ ತಾರಾಮಣಿಯನ್ನು ಕೆಲಸದಿಂದ ತೆಗೆಯಲಾಗಿದೆ ಎಂದಿತ್ತು. ಅವಳ ಮಾತು ಸುಳ್ಳು ಎಂದು ಒಬ್ಬರು, ನಿಜ ಎಂದು ಇನ್ನೊಬ್ಬರು. ಎರಡೂ ಕಡೆ ಸೋತವಳು ಅವಳೇ.

ಪತ್ರಗಳನ್ನು ಊಟದ ಮೇಜಿನ ಮೇಲಿಟ್ಟು ಕೂತಿದ್ದಾಗ ಪುಟ್ಟಸ್ವಾಮಯ್ಯನವರು ಬಂದು ಎರಡನ್ನೂ ಓದಿದರು. ಅವಳು ಮೊದಲಿಂದ ಎಲ್ಲವನ್ನೂ ಹೇಳಿದಳು. ಹೇಳುವಾಗ ಅಭಿನಂದನನನ್ನು, ಮಂತ್ರಿಗಳನ್ನು, ಇಲಾಖೆಯನ್ನು ಬಾಯಿಗೆ ಬಂದಂತೆ ಬೈದಳು. ಮುದುಕರು ಬೈಗುಳ ಮುಗಿಯುವವರೆಗೆ ಕಾದರು.

"ನಮ್ಮ ಕಾಲದಲ್ಲಿ ಸಂಪರ್ಕ ರದ್ದು ಮಾಡಿಸೋಕೆ ಜನ ಚಪ್ಪಲಿ ಸವೆಸ್ತಿದ್ರು, ಆಗ್ತಾ ಇರಲಿಲ್ಲ," ಎಂದರು ಆಮೇಲೆ. "ಆದರೆ ಗೋಡೆ ಬಿದ್ದರೆ ಮಾತ್ರ ಯಾರನ್ನೂ ಕೇಳಬೇಕಿರಲಿಲ್ಲ. ಕಟ್ಟಡ ಹೋದರೆ ಅದರ ಹಾಳೆ ಹರಿದು ಹೊಸ ಹಾಳೆ ಬರೀಬೇಕಿತ್ತು. ಈಗಿನವರು ಹೊಸ ನಿಯಮ ಬರೆಯುವಾಗ ಹಳೇದನ್ನ ತಾನೆ ನಕಲು ಮಾಡಿರ್ತಾರೆ? ನೋಡು."

ತಾರಾಮಣಿ ಮೊದಲ ಸಲ ನಿಯಮವನ್ನು ಪೂರ್ತಿ ಓದಿದಳು. ಹನ್ನೊಂದನೆಯ ಪುಟದಲ್ಲಿ ಇತ್ತು. ಮೂರು ತಿಂಗಳಿಗೊಮ್ಮೆ ಡ್ರೋನು ಪ್ರತಿ ಊರ ಮೇಲೂ ಹಾದುಹೋಗುತ್ತದೆ. ಯಾವ ಮನೆಯ ಗೋಡೆಯೋ ಸೂರೋ ಬಿದ್ದು ಆಕಾರ ಬದಲಾಗಿದೆಯೋ ಅದರ ಹಳೆಯ ಪ್ರತಿರೂಪ ರದ್ದಾಗಿ, ಆ ಮನೆಯನ್ನೂ ಅದಕ್ಕೆ ತಗುಲಿದ ಓಣಿಯನ್ನೂ ಹೊಸದಾಗಿ ಅಳೆಯಲಾಗುತ್ತದೆ. ಅವಳು ಮಾವನ ಮುಖ ನೋಡಿದಳು. ಇಷ್ಟು ವರ್ಷ ಈ ಮನುಷ್ಯನನ್ನು ಪೆದ್ದನೆಂದು ತಿಳಿದಿದ್ದೆನಲ್ಲ ಎನಿಸಿ ಕಿವಿ ಬಿಸಿಯಾಯಿತು.

ಇದನ್ನು ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ರೈಲು ಹತ್ತಿ ಯಾದಗಿರಿಗೆ, ಅಲ್ಲಿಂದ ಬಸ್ಸಿನಲ್ಲಿ ಬಿಳಿಗುಂಡಿಗೆ ಹೋದಳು. ಐವತ್ತು ಹಳ್ಳಿಗಳನ್ನು ಎಬ್ಬಿಸಿ ನಿಲ್ಲಿಸಿದ್ದವಳು ಅವುಗಳಲ್ಲಿ ಒಂದಕ್ಕೆ ಕಾಲಿಟ್ಟದ್ದು ಅದೇ ಮೊದಲು. ಊರು ಎಲ್ಲ ಅವಳು ಬಲ್ಲಂತೆಯೇ ಇತ್ತು: ತಗಡು, ತಗಡಿನ ಮೇಲಿನ ಕಲ್ಲು, ಬೋಳು ಗುಡ್ಡ. ಅವಳಿಗೆ ಗೊತ್ತಿಲ್ಲದಿದ್ದುದು ಬಿಸಿಲು, ಮತ್ತು ನೀರು ತರುವ ಕಾಲುವೆಗಿದ್ದ ದೂರ. ಯಂಕಮ್ಮ ಮನೆಯಲ್ಲಿರಲಿಲ್ಲ, ನೀರಿಗೆ ಹೋಗಿದ್ದಳು. ಒಂದು ಗಂಟೆ ಕಾದಮೇಲೆ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು, ಓಣಿಯ ಹೆಂಗಸರ ಜೊತೆ ಬಂದಳು.

"ಇವ್ರೇ ನೋಡ್ರೆ, ನಮ್ಮನ್ಯಾಗ ನಳ ಇಟ್ಟವ್ರು," ಎಂದು ಉಳಿದವರಿಗೆ ಪರಿಚಯಿಸಿದಳು. ಯಾರೂ ನಗಲಿಲ್ಲ.

ಕಟ್ಟೆಯ ಮೇಲೆ ಕೂತು ತಾರಾಮಣಿ ನಡೆದದ್ದನ್ನು ಹೇಳಿದಳು. ತಾನು ಅದನ್ನು ತಮಾಷೆಗೆ ಇಟ್ಟದ್ದು, ಸ್ಟುಡಿಯೋದವರನ್ನು ಹಂಗಿಸಲೆಂದೇ ಇಟ್ಟದ್ದು, ಆ ಜನ ಎಂಥ ಹೀನರೆಂದು ತನಗೆ ಮೊದಲಿಂದಲೂ ಗೊತ್ತಿತ್ತು, ಅವರನ್ನು ಕಂಡರೆ ತನಗೆ ಎಂದಿನಿಂದಲೂ ಅಸಹ್ಯ ಎಂದೂ ಹೇಳಿದಳು. ಇದನ್ನು ಹೇಳಿದರೆ ತನ್ನ ಮೇಲಿನ ತಪ್ಪು ಸ್ವಲ್ಪ ಕಡಿಮೆಯಾದೀತೆಂಬ ಆಸೆ ಅವಳಿಗಿತ್ತು.

ಯಂಕಮ್ಮ ಸಿಂಬೆ ಬಿಚ್ಚಿ ಕೊಡವುತ್ತ ಕೇಳಿಸಿಕೊಂಡಳು. "ಅವ್ರಿಗಿ ತಾವು ಮಾಡೂದು ತಪ್ಪಂತ ಗೊತ್ತಿರ್ಲಿಲ್ಲ ಅಂದ್ರೂ ನಡೀತದರಿ," ಎಂದಳು. "ನಿಮಗ ಗೊತ್ತಿತ್ತು. ಮನಸಿನ್ಯಾಗ ಬೈಕೋಂತ, ಕೈಲೆ ಮಾಡೇ ಕೊಟ್ರಿ. ನೀವು ಬೈದಿದ್ದು ನಮಗ್ಯಾರಿಗೂ ಕೇಳ್ಸಿಲ್ಲ ಅಕ್ಕಾರ. ನಳ ಅಷ್ಟೇ ಕಂಡದ."

ಇಷ್ಟು ವರ್ಷ ತಾನು ಗಾಜಿನ ಹಿಂದೆ ಕೂತು ಓರೆಮಾಡಿದ ತುಟಿಯನ್ನು ಯಾವ ಕ್ಯಾಮೆರಾವೂ ಹಿಡಿದಿರಲಿಲ್ಲ ಎಂಬುದು ತಾರಾಮಣಿಗೆ ಆಗಷ್ಟೇ ಗೊತ್ತಾಯಿತು. ಆಮೇಲೆ, ಬಂದ ಕೆಲಸ ನೆನಪಾಗಿ, ಹನ್ನೊಂದನೆಯ ಪುಟವನ್ನು ಓದಿ ಹೇಳಿದಳು.

ಓಣಿಯವರು ಮಾತಾಡಲು ಶುರುಮಾಡಿದರು. ಇದ್ದ ಮನೆ ಕೆಡವುವುದೆಂದರೆ ಹುಚ್ಚೆ ಎಂದವರು ಕೆಲವರು, ಇಲ್ಲದ ನಲ್ಲಿಗಾಗಿ ಇರುವ ಗೋಡೆ ಕಳೆದುಕೊಳ್ಳುವುದು ಯಾವ ನ್ಯಾಯ ಎಂದವರು ಕೆಲವರು. ತಿಪ್ಪಣ್ಣ ಎದ್ದು ಹಿತ್ತಲಿಗೆ ಹೋಗಿ, ಅಡುಗೆಮನೆಯ ಹಿಂಗೋಡೆಯನ್ನು ಅಂಗೈಯಿಂದ ತಟ್ಟಿ ನೋಡಿದ. ಮದುವೆಯಾದ ವರ್ಷ ತಾನೇ ಕಟ್ಟಿದ ಗೋಡೆ ಅದು.

"ಗ್ವಾಡಿ ಮತ್ತ ಕಟ್ಟಾಕ ಬರ್ತದ," ಎಂದ. "ಇಕಿ ಹೊತ್ತ ನೀರು ಹೊಳ್ಳಿ ಬರೂದಿಲ್ಲ."

ಮರುದಿನ ಬೆಳಿಗ್ಗೆ ಕೆಡವಿದರು. ತಗಡು ಇಳಿಸಿ, ಒಲೆಯನ್ನು ಪಡಸಾಲೆಗೆ ಸಾಗಿಸಿ, ತಿಪ್ಪಣ್ಣ ಹಾರೆಯಿಂದ ಮೇಲಿನ ಸಾಲು ಎಬ್ಬಿಸಿದ. ಓಣಿಯ ಹೆಂಗಸರು ಹೆಂಟೆಗಳನ್ನು ಬುಟ್ಟಿಯಲ್ಲಿ ಹೊತ್ತು ಬದಿಗೆ ಸುರಿದರು. ತಾರಾಮಣಿಯೂ ಹೊತ್ತಳು. ಅವಳ ಕೈಯಲ್ಲಿ ಮಧ್ಯಾಹ್ನದ ಹೊತ್ತಿಗೆ ಬೊಬ್ಬೆ ಎದ್ದವು. ನಲ್ಲಿಯಿದ್ದ ಜಾಗವೆಂದು ಅವಳಿಗೆ ಕರಾರುವಾಕ್ಕಾಗಿ ಗೊತ್ತಿದ್ದ ಕಡೆ ಹಾರೆ ಬಿದ್ದಾಗ ಬಂದದ್ದು ಬರೀ ಮಣ್ಣು.

ಡ್ರೋನು ಬರಲು ಐವತ್ತೆರಡು ದಿನ ಹಿಡಿಯಿತು. ಅಷ್ಟೂ ದಿನ ಯಂಕಮ್ಮನ ಮನೆಯ ಹಿಂಭಾಗಕ್ಕೆ ಹಳೆಯ ಸೀರೆಗಳ ಪರದೆಯಿತ್ತು. ನಡುವೆ ಎರಡು ಸಲ ಗಾಳಿಮಳೆ ಬಂತು, ಜೋಳದ ಚೀಲ ನೆನೆಯಿತು, ಒಂದು ನಾಯಿ ಒಳನುಗ್ಗಿ ರೊಟ್ಟಿಯ ಬುಟ್ಟಿಗೆ ಬಾಯಿ ಹಾಕಿತು. ತಾರಾಮಣಿ ಬೆಂಗಳೂರಿನಿಂದ ದಿನ ಬಿಟ್ಟು ದಿನ ಫೋನು ಮಾಡಿದಳು. ಯಂಕಮ್ಮ ಒಮ್ಮೆಯೂ ಗೊಣಗಲಿಲ್ಲ, ಒಮ್ಮೆಯೂ ಸಮಾಧಾನವನ್ನೂ ಹೇಳಲಿಲ್ಲ. ಐವತ್ಮೂರನೆಯ ದಿನ ಇಲಾಖೆಯ ಪಟ್ಟಿಯಲ್ಲಿ ಬಿಳಿಗುಂಡಿಯ ಆ ಓಣಿಯ ಮುಂದಿದ್ದ 'ಪೂರ್ಣ' ಎಂಬ ಮಾತು ಅಳಿಸಿ 'ಬಾಕಿ' ಎಂದು ಬಂತು. ಅರವತ್ಮೂರು ಮನೆ. ತಾರಾಮಣಿ ಅದನ್ನು ಮಾವನಿಗೆ ತೋರಿಸಿದಳು. ಅವರು ಮೂರು ಸಲ ಓದಿ, "ಪೈಪು ಎಷ್ಟು ಇಂಚಿನದು ಹಾಕ್ತಾರಂತೆ?" ಎಂದು ಕೇಳಿದರು.

ಮಾವ ಎಣಿಸಿದ್ದಕ್ಕಿಂತ ಒಂದು ಇಂಚು ಕಡಿಮೆಯದನ್ನೇ ಇಲಾಖೆಯವರು ಹಾಕಿದರು. ಆದರೂ ಹಾಕಿದರು. ಬೇಸಿಗೆ ಹತ್ತುವ ಮೊದಲು ಓಣಿಗೆ ನೀರು ಬಂತು, ದಿನ ಬಿಟ್ಟು ದಿನ, ಅರ್ಧ ಗಂಟೆ. ತಿಪ್ಪಣ್ಣ ಗೋಡೆ ಮತ್ತೆ ಎಬ್ಬಿಸತೊಡಗಿದ. ಪುಟ್ಟಸ್ವಾಮಯ್ಯನವರ ಒತ್ತಾಯಕ್ಕೆ ತಾರಾಮಣಿ ಅವರನ್ನು ಕರೆದುಕೊಂಡು ಬಿಳಿಗುಂಡಿಗೆ ಹೋದಳು. ಒತ್ತಡ ಸಾಲದ ಕೊಳವೆಯಲ್ಲಿ ಓಣಿಯ ತುದಿಯವರೆಗೆ ನೀರು ತಲುಪಿಸುವುದು ಹೇಗೆ ಎಂದು ಮುದುಕರು ಮೂರು ದಿನ ಅಲ್ಲಿನ ನೀರುಗಂಟಿಗೆ ಪಾಠ ಹೇಳಿದರು.

ಅಷ್ಟರಲ್ಲಿ ಸ್ಟುಡಿಯೋದವರಿಗೆ ಸುದ್ದಿ ಮುಟ್ಟಿತ್ತು. ಮಂತ್ರಿಗಳ ವಾಸ್ತವ್ಯದಿಂದ ಓಣಿಗೆ ನೀರು ಬಂದಿದೆ! ವಿಶೇಷ ಸಂಚಿಕೆ ಮಾಡಬೇಕು, ಯಂಕಮ್ಮ ಮತ್ತೆ ಬೆಂಗಳೂರಿಗೆ ಬರಬೇಕು ಎಂದು ಅಭಿನಂದನ ಫೋನು ಮಾಡಿದ.

"ನಾ ಬರಂಗಿಲ್ರಿ," ಎಂದಳು ಯಂಕಮ್ಮ. "ಸಾಹೇಬ್ರಿಗಿ ಬರ್ಲಿಕ್ ಹೇಳ್ರಿ. ಗ್ವಾಡಿ ಅರ್ಧ ಆಗ್ಯದ. ನಾಕ್ ಬುಟ್ಟಿ ಮಣ್ಣು ಹೊತ್ತು ಹೋಗ್ಲಿ."

ಸಾಹೇಬರು ಬರಲಿಲ್ಲ. ಸಂಚಿಕೆ ಮಾತ್ರ ನಿಲ್ಲಲಿಲ್ಲ. ಒಂದು ಸಂಜೆ ಆರೂವರೆಗೆ ಯಂಕಮ್ಮನ ಪಡಸಾಲೆಯಲ್ಲಿ ಓಣಿಯ ಹತ್ತಾರು ಜನ ಟೀವಿ ಮುಂದೆ ಕೂತರು, ತಾರಾಮಣಿಯೂ ಅವಳ ಮಾವನೂ ಅವರ ಮಧ್ಯೆ. ಪರದೆಯ ಮೇಲೆ ಯಂಕಮ್ಮನ ಮನೆ ಬಂತು. ಹಿಂಗೋಡೆ ಪೂರ್ತಿ ಎದ್ದು ನಿಂತಿತ್ತು, ಸುಣ್ಣ ಹೊಡೆದಿತ್ತು. ನಲ್ಲಿ ಒಂದಿದ್ದದ್ದು ಈಗ ಎರಡಾಗಿತ್ತು. ಧಾರಾವಾಹಿಯಲ್ಲಿ ಅತ್ತೆಯ ಪಾತ್ರ ಮಾಡುವ ಒಬ್ಬಳು ಇಳಕಲ್ ಸೀರೆಯುಟ್ಟು, "ನಾ ಯಂಕಮ್ಮ ಅದೀನ್ರಿ," ಎನ್ನುತ್ತ ಮಂತ್ರಿಗಳ ಲೋಟಕ್ಕೆ ನೀರು ಬಗ್ಗಿಸಿದಳು.

"ಎಷ್ಟ್ ಬೆಳ್ಳಗಾಗಿಯಲ್ಲೇ ಯಂಕಿ!" ಎಂದು ಒಬ್ಬಳು ಕೂಗಿದಳು. ಪಡಸಾಲೆ ತುಂಬ ನಗೆ. ತಿಪ್ಪಣ್ಣನೂ ನಕ್ಕ. ತಾರಾಮಣಿ ಮಾತ್ರ ಮುಷ್ಟಿ ಬಿಗಿಹಿಡಿದು, ಪರದೆಯ ಆ ಮೂಲೆಯಲ್ಲಿ ನೆರಳು ಯಾವ ಕಡೆ ಬೀಳಬೇಕಿತ್ತು, ಯಾವ ಕಡೆ ಬಿದ್ದಿದೆ ಎಂದು ಹಲ್ಲು ಕಚ್ಚಿಕೊಂಡು ನೋಡುತ್ತಿದ್ದಳು. ಮಂತ್ರಿಗಳು ಗಂಟಲು ಸರಿಪಡಿಸಿಕೊಂಡು, ನಾಡಿನ ಕಟ್ಟಕಡೆಯ ಮನೆಯ ಬಗ್ಗೆ ಭಾಷಣ ಶುರು ಮಾಡಿದರು.

ಹಿತ್ತಲಲ್ಲಿ ಕೊಳವೆ ಕೆಮ್ಮಿದ ಸದ್ದಾಯಿತು.

"ನೀರು ಬಂತು!" ಎಂದರು ಪುಟ್ಟಸ್ವಾಮಯ್ಯ, ಎಲ್ಲರಿಗಿಂತ ಮೊದಲು.

ಪಡಸಾಲೆ ಬರಿದಾಯಿತು. ಹೆಂಗಸರು ಸೆರಗು ಸಿಕ್ಕಿಸಿಕೊಂಡು ತಮ್ಮತಮ್ಮ ಮನೆಗೆ ಓಡಿದರು, ಮುದುಕರು ಬಾಗಿಲು ಹಿಡಿದುಕೊಂಡು ಹೊರಬಿದ್ದರು. ತಾರಾಮಣಿಯೊಬ್ಬಳು ಟೀವಿಯ ಮುಂದೆ ಉಳಿದಳು. ಯಂಕಮ್ಮ ಒಳಬಂದು ಅವಳ ಕೈಗೆ ಬಕೀಟು ತುರುಕಿದಳು.

"ಅದನ್ನೇನ್ ನೋಡ್ತೀರಿ? ಅರ್ಧ ತಾಸಿನ್ಯಾಗ ಹೋಗ್ತದ. ಹಿಡೀರಿ ಬರ್ರಿ."

ಟೀವಿ ಆರಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಮಂತ್ರಿಗಳು ಖಾಲಿ ಪಡಸಾಲೆಗೆ ಕೈಮುಗಿದು ಮಾತಾಡುತ್ತಲೇ ಇದ್ದರು. ಹಿತ್ತಲಲ್ಲಿ, ಸೊಂಟದೆತ್ತರದ ಹಸಿ ಗೋಡೆಯ ಪಕ್ಕ, ತಾರಾಮಣಿ ಕುಕ್ಕರಗಾಲಿನಲ್ಲಿ ಕೂತು ಬಕೀಟು ಒಡ್ಡಿದಳು. ನೀರು ಮೊದಲು ಕೆಂಪಗೆ ಬಂತು, ಆಮೇಲೆ ತಿಳಿಯಾಯಿತು, ಅವಳ ಸೀರೆಯ ಅಂಚನ್ನೂ ಸುತ್ತಲಿನ ನೆಲವನ್ನೂ ಪೂರ್ತಿ ತೋಯಿಸಿತು.